ಐಟಿಐ ಪ್ರಾಕ್ಟಿಕಲ್: ಬಲ್ಬ್ ಉರಿದರೆ ಕಲಿತಂತಾಯಿತಾ?

ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡೋಣ. ಮನೆಯ ಮೆಟ್ಟಿಲಿನ ಲೈಟ್‌ಗೆ ಕೆಳಗೊಂದು, ಮೇಲೊಂದು ಸ್ವಿಚ್ ಇರುತ್ತಲ್ಲ? ಆ ಎರಡು ಸ್ವಿಚ್‌ಗಳ ನಡುವೆ ಎರಡು ತಂತಿ ಹೋಗಿರುತ್ತವೆ. ಅದರಲ್ಲಿ ಒಂದು ತುಂಡಾದರೆ ಲೈಟ್ ಪೂರ್ತಿ ಹೋಗುತ್ತಾ, ಇಲ್ಲ ಒಮ್ಮೊಮ್ಮೆ ಉರಿಯುತ್ತಾ?

ಐಟಿಐನ ಎಲೆಕ್ಟ್ರಿಷಿಯನ್ ಟ್ರೇಡ್‌ನಲ್ಲಿ ಈ ವೈರಿಂಗ್ ಪಾಠ ಇದೆ. ಮೇಷ್ಟ್ರು ಬೋರ್ಡ್ ಮೇಲೆ ಚಿತ್ರ ಬರೆದು, ಹುಡುಗರು ಅದನ್ನೇ ನೋಡಿ ಜೋಡಿಸಿದರೆ ಬಲ್ಬ್ ಉರಿಯುತ್ತೆ. ಆದರೆ ನಾಳೆ ಕೆಲಸಕ್ಕೆ ಹೋದ ಮನೆಯಲ್ಲಿ ಚಿತ್ರ ಇರಲ್ಲ, ಫಾಲ್ಟ್ ಮಾತ್ರ ಇರುತ್ತೆ.

ಸಕ್ರಿಯ ಕಲಿಕೆ ಬೇಕಾಗೋದು ಇಲ್ಲೇ. ಮೇಷ್ಟ್ರು ಕರೆಂಟ್ ತೆಗೆದು, ತರಬೇತಿ ಬೋರ್ಡ್‌ನಲ್ಲಿ ಬೇಕಂತಲೇ ಒಂದು ತಂತಿ ಬಿಡಿಸಿಡ್ತಾರೆ. ಮೂರು ಜನರ ಗುಂಪು ಮೊದಲು ತಮ್ಮ ಊಹೆ ಬರೆಯಬೇಕು, ಆಮೇಲೆ ಮಲ್ಟಿಮೀಟರ್ ಹಿಡಿದು ಪರೀಕ್ಷಿಸಬೇಕು. ಸರಿಯಿದ್ದಾಗ ಸ್ವಿಚ್‌ಗಳ 4 ಜೋಡಣೆಗಳಲ್ಲಿ 2ರಲ್ಲಿ ಬಲ್ಬ್ ಉರಿಯುತ್ತೆ. ಒಂದು ತಂತಿ ತುಂಡಾದರೆ 1ರಲ್ಲಿ ಮಾತ್ರ. ಅಂದರೆ ನಮ್ಮ ಪ್ರಶ್ನೆಗೆ ಉತ್ತರ: ಒಮ್ಮೊಮ್ಮೆ ಉರಿಯುತ್ತೆ. ಊಹೆ ತಪ್ಪಿದವರು ‘ಯಾಕೆ?’ ಅಂತ ಯೋಚಿಸ್ತಾರೆ. ಪಾಠ ತಲೆಗೆ ಹೋಗೋದು ಆಗಲೇ.

ಆದರೆ ಗುಂಪಿನಲ್ಲಿ ಒಂದು ಅಪಾಯ ಇದೆ. ಒಬ್ಬ ಕೆಲಸ ಮಾಡ್ತಾನೆ, ಇನ್ನೊಬ್ಬ ಬರೀ ಸ್ಕ್ರೂಡ್ರೈವರ್ ಹಿಡ್ಕೊಂಡು ನಿಂತಿರ್ತಾನೆ. ಸಾಮರ್ಥ್ಯ ಆಧಾರಿತ ತರಬೇತಿ ಕೇಳೋದು ‘ಎಷ್ಟು ದಿನ ಕ್ಲಾಸಿಗೆ ಬಂದೆ?’ ಅಂತ ಮಾತ್ರ ಅಲ್ಲ, ‘ನಿನಗೆ ಒಬ್ಬನಿಗೇ ಮಾಡೋಕೆ ಬರುತ್ತಾ?’ ಅಂತ. ಹಾಗಾಗಿ ಕಲಿಯೋದು ಗುಂಪಿನಲ್ಲಾದರೂ, ಮಾಡಿ ತೋರಿಸೋದು ಒಬ್ಬೊಬ್ಬರೇ. ಮೊದಲು ಸಪ್ಲೈ ಆಫ್ ಮಾಡಿದನಾ? ಕರೆಂಟ್ ಇಲ್ಲ ಅಂತ ಖಚಿತ ಮಾಡಿಕೊಂಡನಾ? ಫಾಲ್ಟ್ ಹುಡುಕಿ ಕಾರಣ ಹೇಳಿದನಾ? ಯಾವುದು ಬರಲಿಲ್ಲವೋ ಆ ಭಾಗವನ್ನೇ ಮತ್ತೆ ಅಭ್ಯಾಸ ಮಾಡಿಸಬೇಕು.

ದೇಶದಲ್ಲಿ 2013ರಲ್ಲೇ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಬಂತು. ಐಟಿಐ ಪಠ್ಯಕ್ರಮದಲ್ಲಿ ಟ್ರೇಡ್ ಪ್ರಾಕ್ಟಿಕಲ್ ಪಾಸಾಗಲು ಶೇ 60 ಅಂಕ ಬೇಕು, ಥಿಯರಿಗೆ ಶೇ 33 ಸಾಕು. ಕೈಕೆಲಸಕ್ಕೆ ತೂಕ ಜಾಸ್ತಿ ಅಂತಾಯ್ತು. ಆದರೆ ಬೇರೆಯವರು ಜೋಡಿಸಿದ ಬೋರ್ಡ್ ಮುಂದೆ ನಿಂತು ಅಂಕ ಪಡೆದರೆ ಆ ತೂಕಕ್ಕೆ ಅರ್ಥವಿಲ್ಲ. ಯಾಕಂದ್ರೆ ಕರೆಂಟ್ ಸರ್ಟಿಫಿಕೇಟ್ ನೋಡಲ್ಲ.

ನೀವು ಐಟಿಐನಲ್ಲಿ ಓದ್ತಿದ್ದರೆ ನಾಳೆ ಮೇಷ್ಟ್ರ ಹತ್ತಿರ ಒಂದು ಮಾತು ಕೇಳಿ: ‘ಸರ್, ಒಂದು ಫಾಲ್ಟ್ ಇಟ್ಟು ಕೊಡಿ, ನಾನೇ ಹುಡುಕ್ತೀನಿ.’