ಹಿತ್ತಿಲಿನಲ್ಲಿ ಹರಡುವ ಈ ಗಿಡ ಸೊಪ್ಪೋ, ಕಳೆಯೋ?

ಮುಂಗಾರಿನ ಮೊದಲ ಹದ ಮಳೆ ಬಿದ್ದ ಮೇಲೆ ಹಂಪಾಪುರದ ಸುತ್ತಿನ ಹಿತ್ತಿಲು, ತಿಪ್ಪೆಯ ಅಂಚು, ರಾಗಿ ಹತ್ತಿಯ ಹೊಲಗಳಲ್ಲಿ ನೆಲಕ್ಕೆ ಅಂಟಿಕೊಂಡು ಹರಡುವ ಗಿಡವೊಂದು ಕಾಣಿಸುತ್ತದೆ. ಕಾಂಡ ನುಣುಪು, ನಸುಗೆಂಪು, ಎಲೆ ಸಣ್ಣದು, ದಪ್ಪ, ಹಿಸುಕಿದರೆ ನೀರು. ಇದು ಗೋಣಿ ಸೊಪ್ಪು ಇರಬಹುದು. ಕೆಲವರು ಗೋಳಿ ಸೊಪ್ಪು ಎನ್ನುವುದೂ ಉಂಟು. ಆದರೆ ಇದನ್ನು ಹೋಲುವ ಬೇರೆ ಗಿಡಗಳಿವೆ. ಆದ್ದರಿಂದ ಸಾರಿಗೆ ಹಾಕುವ ಮೊದಲು ಗುರುತು ತಿಳಿಯಬೇಕು.

ಮೊದಲನೆಯ ಪರೀಕ್ಷೆ ಹಾಲು. ಕಾಂಡವನ್ನು ಮುರಿದು ನೋಡಿ. ಬಿಳಿಯ ಹಾಲು ಬಂದರೆ ಅದು ಕಳ್ಳಿಯ ಕುಲದ ಗಿಡ. ಅದರ ಹಾಲು ಚರ್ಮಕ್ಕೂ ಕಣ್ಣಿಗೂ ಉರಿ ತರುತ್ತದೆ. ತಿನ್ನಕೂಡದು. ಮುಟ್ಟಿದ ಕೈಯನ್ನು ಕೂಡಲೇ ತೊಳೆಯಿರಿ.

ಎರಡನೆಯ ಪರೀಕ್ಷೆ ಹೂವು. ಗೋಣಿ ಸೊಪ್ಪಿನ ಹೂವು ಹಳದಿ, ಎಸಳು 5. ಕವಲಿನ ತುದಿಯಲ್ಲಿ ಬಿಸಿಲೇರಿದಾಗ ಅರಳಿ ಬೇಗನೆ ಮುಚ್ಚುತ್ತದೆ. ಎಸಳು 4 ಇದ್ದು ಗೆಣ್ಣಿನಲ್ಲಿ ಬಿಳಿ ಕೂದಲಿದ್ದರೆ ಅದು ಸಣ್ಣ ಗೋಣಿ, ಅದೂ ಸೊಪ್ಪೇ. ಹೂವು ಬಿಳಿ ಅಥವಾ ನಸುಗೆಂಪಾಗಿ ಎಲೆಯ ಕಂಕುಳಲ್ಲಿ ಹುದುಗಿದ್ದು, ಜೋಡಿ ಎಲೆಗಳಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು ಇದ್ದರೆ ಅದು ಮುಚ್ಚುಗೋಣಿ. ಅದರ ಬಲಿತ ಎಲೆ ತಿಂದರೆ ಭೇದಿಯಾಗುವುದುಂಟು.

ಗೋಣಿ ಸೊಪ್ಪು ಒಳ್ಳೆಯ ಆಹಾರ. ನೀರಿನ ಅಭಾವವಾದಾಗ ಈ ಗಿಡ ರಾತ್ರಿ ಗಾಳಿಯನ್ನು ಹೀರಿ ಹುಳಿಯಾಗಿ ಕೂಡಿಟ್ಟು ಹಗಲು ಬಳಸುತ್ತದೆ. ಅದಕ್ಕೇ ಬೆಳಗಿನಲ್ಲಿ ಕಿತ್ತ ಸೊಪ್ಪು ಸಂಜೆಯದಕ್ಕಿಂತ ಹುಳಿ. ಆದರೆ ಇದರಲ್ಲಿ ಆಕ್ಸಾಲಿಕ್ ಆಮ್ಲ ಹೆಚ್ಚು. ಬೇಯಿಸಿದಾಗ ಅದರಲ್ಲಿ ಒಂದು ಪಾಲು ನೀರಿಗೆ ಇಳಿಯುತ್ತದೆ. ಬಸ್ಸಾರಿನಲ್ಲಿ ನಾವು ಆ ನೀರನ್ನೇ ಬಳಸುತ್ತೇವಷ್ಟೆ! ಈ ಸೊಪ್ಪಿನ ಮಟ್ಟಿಗೆ ಬಸಿದ ನೀರನ್ನು ಚೆಲ್ಲಿ ಪಲ್ಯ ಮಾಡುವುದು ಮೇಲು. ಮೂತ್ರಪಿಂಡದಲ್ಲಿ ಕಲ್ಲು ಇರುವವರಿಗೆ ಇದು ಬೇಡ. ಹಸಿದ ದನಕ್ಕೆ ಕುಕ್ಕೆಗಟ್ಟಲೆ ಹಾಕಬೇಡಿ, ವಿಷವಾದೀತು. ಕಳೆನಾಶಕ ಹೊಡೆದ ಹೊಲದಿಂದ ಸೊಪ್ಪು ತರಲೇಬೇಡಿ.

ಹೊಲದಲ್ಲಾದರೆ ಇದು ಹಟಮಾರಿ ಕಳೆ. ದೊಡ್ಡದಾಗಿ ಬೆಳೆದ ಒಂದು ಗಿಡ 1 ಲಕ್ಷಕ್ಕೂ ಮೀರಿ ಬೀಜ ಉದುರಿಸಬಲ್ಲದು. ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಕುಂಟೆಗೆ ಸಿಕ್ಕಿ ತುಂಡಾದ ಕಾಂಡವೂ ಹಸಿ ನೆಲದಲ್ಲಿ ಮತ್ತೆ ಬೇರು ಬಿಡುತ್ತದೆ. ಕಿತ್ತು ಬಿಸಾಡಿದ ಗಿಡವೂ ದಪ್ಪ ಎಲೆಯ ನೀರಿನಿಂದಲೇ ಬದುಕಿ ಬೀಜ ಬಲಿಸುತ್ತದೆ. ಆದುದರಿಂದ ಹೂವು ಬರುವ ಮೊದಲೇ ಕಿತ್ತು, ಕುಕ್ಕೆಗೆ ತುಂಬಿ ಹೊಲದ ಹೊರಗೆ ಸಾಗಿಸಿರಿ. ಬೀಜ ಕಟ್ಟಿದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಕೂಡದು. ಹಾಕಿದರೆ ಮುಂದಿನ ವರ್ಷ ಗೊಬ್ಬರದ ಜೊತೆಗೆ ಕಳೆಯನ್ನೂ ನೀವೇ ಹೊಲಕ್ಕೆ ಹೊತ್ತಂತಾಗುತ್ತದೆ.

ಅನುಮಾನ ಉಳಿದರೆ ಬೇರು, ಎಲೆ, ಹೂವು ಸಹಿತವಾದ ಒಂದು ಗಿಡವನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಒಯ್ದು ತೋರಿಸಿರಿ. ಗುರುತು ಸಿಕ್ಕದ ಸೊಪ್ಪು ಒಲೆ ಏರಬಾರದು.