ಬಿಸಿಲ ನಾಡಿನಲ್ಲಿ ಬ್ರಾಯ್ಲರ್

ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಹಳ್ಳಿಖೇಡ (ಬಿ) ಸುತ್ತಮುತ್ತ ಬೇಸಿಗೆಯ ಮಧ್ಯಾಹ್ನ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸದಲ್ಲ. ಹೊಲದ ಬದಿಯ ಶೆಡ್ಡಿನಲ್ಲಿ ಬ್ರಾಯ್ಲರ್ ಸಾಕುವವರಿಗೆ ರೋಗದಷ್ಟೇ ಭಯ ಈ ಬಿಸಿಲಿನದು. ಆದರೆ ಇದೇ ಕೋಳಿ ಶೆಡ್ಡಿಗೆ ಬಂದ ಮೊದಲ ದಿನಗಳಲ್ಲಿ ಶಾಖ ಸಾಲದೆ ಸಾಯುತ್ತದೆ.

ಒಂದು ದಿನದ ಮರಿಯ ತೂಕ ಸುಮಾರು 40 ಗ್ರಾಂ. ಹೊಟ್ಟೆಯಲ್ಲಿ ಉಳಿದ ಮೊಟ್ಟೆಯ ಹಳದಿ ಒಂದೆರಡು ದಿನ ಅದನ್ನು ಪೊರೆಯುತ್ತದೆ. ಶಾಖ ಮಾತ್ರ ಹೊರಗಿನಿಂದಲೇ ಸಿಗಬೇಕು. ಮೊದಲ ವಾರ ಬ್ರೂಡರ್ ಬಲ್ಬಿನಡಿ 33ರಿಂದ 35 ಡಿಗ್ರಿ ಬೇಕು. ಪಳಗಿದ ಸಾಕಣೆದಾರ ಥರ್ಮಾಮೀಟರಿಗೂ ಮೊದಲು ಮರಿಗಳನ್ನೇ ನೋಡುತ್ತಾನೆ. ಬಲ್ಬಿನಡಿ ಒಂದರ ಮೇಲೊಂದು ಮುದುಡಿದ್ದರೆ ಚಳಿ, ದೂರ ಸರಿದು ಬಾಯಿ ತೆರೆದಿದ್ದರೆ ಸೆಕೆ. ಭತ್ತದ ಹೊಟ್ಟಿನ ಮೇಲೆ ಎಲ್ಲೆಡೆ ಹರಡಿಕೊಂಡು ಮೇಯುತ್ತಿದ್ದರೆ ಎಲ್ಲವೂ ಸರಿ.

ಆರು ವಾರದಲ್ಲಿ ಆ ಮರಿ ಎರಡು ಕಿಲೋ ದಾಟುತ್ತದೆ. ಹಾರ್ಮೋನ್ ಚುಚ್ಚಿ ಬೆಳೆಸುತ್ತಾರೆಂಬ ಮಾತು ಊರೂರಲ್ಲಿದೆ, ಅದು ಸುಳ್ಳು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957ರ ಮತ್ತು 2005ರ ತಳಿಗಳಿಗೆ ಒಂದೇ ಆಹಾರ ಕೊಟ್ಟು ಸಾಕಿದರು. 56ನೇ ದಿನ ಹಳೆಯ ತಳಿ 905 ಗ್ರಾಂ, ಹೊಸದು 4,202 ಗ್ರಾಂ ತೂಗಿತು. ಆಹಾರ ಒಂದೇ ಆದ್ದರಿಂದ ಈ ಅಂತರ ತಲೆಮಾರುಗಳ ತಳಿ ಆಯ್ಕೆಯದು.

ವೇಗಕ್ಕೆ ಬೆಲೆಯೂ ಇದೆ. ಹೆಚ್ಚು ತಿಂದು ಬೇಗ ಬೆಳೆಯುವ ದೇಹ ಒಳಗೇ ಅಪಾರ ಶಾಖ ಹುಟ್ಟಿಸುತ್ತದೆ. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. 41–42 ಡಿಗ್ರಿಯ ಮೈಯನ್ನು ತಣಿಸಲು ಅದು ಕೊಕ್ಕು ತೆರೆದು ತೇಕುತ್ತದೆ, ಉಸಿರಿನ ತೇವ ಆವಿಯಾಗಿ ಶಾಖವನ್ನು ಒಯ್ಯುತ್ತದೆ. ತೇಕು ಮಿತಿಮೀರಿದರೆ ಇಂಗಾಲದ ಡೈಆಕ್ಸೈಡ್ ವಿಪರೀತ ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ. ಮಾರಾಟಕ್ಕೆ ಬಂದ ದಪ್ಪ ಕೋಳಿಗಳೇ ಮೊದಲು ಸಾಯುವುದು, ರೈತನಿಗೆ ಪೆಟ್ಟು ಬೀಳುವುದೂ ಅಲ್ಲೇ.

ಅದಕ್ಕೇ ಶೆಡ್ಡನ್ನು ಪೂರ್ವ–ಪಶ್ಚಿಮವಾಗಿ ಉದ್ದಕ್ಕೆ ಕಟ್ಟುತ್ತಾರೆ, ತಗಡಿಗೆ ಸುಣ್ಣ ಬಳಿಯುತ್ತಾರೆ. ಜೀರ್ಣಕ್ರಿಯೆಯೂ ಶಾಖ ಕೊಡುವುದರಿಂದ ಮಧ್ಯಾಹ್ನ ಮೇವು ತೆಗೆದು ಬೆಳಗಿನ ಜಾವ, ರಾತ್ರಿ ಹಾಕುತ್ತಾರೆ. ಪಕ್ಕಗಳಿಗೆ ಒದ್ದೆ ಗೋಣಿ ಕಟ್ಟುವ ಉಪಾಯ ಇಲ್ಲಿ ಕರಾವಳಿಗಿಂತ ಚೆನ್ನಾಗಿ ಫಲಿಸುತ್ತದೆ. ಬೀದರ್ ಬೇಸಿಗೆಯ ಒಣಗಾಳಿ ನೀರನ್ನು ಬೇಗ ಆವಿಯಾಗಿಸುತ್ತದೆ.

ಹಿತ್ತಿಲಲ್ಲಿ ಸಾಕುವವರಿಗೆ ಗಿರಿರಾಜ ತಳಿ ಹೆಚ್ಚು ಹೊಂದುತ್ತದೆ. ಅದನ್ನು ರೂಪಿಸಿದ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಇಂದು ಬೀದರಿನ ಪಶು ವಿಶ್ವವಿದ್ಯಾಲಯದ ಅಧೀನದಲ್ಲಿದೆ. ಬೆಳವಣಿಗೆ ನಿಧಾನ, ಆದರೆ ಗಟ್ಟಿ ಹಕ್ಕಿ.

ಕೊಯ್ಯುವ ಮುನ್ನ ಎಂಟು–ಹತ್ತು ತಾಸು ಮೇವು ನಿಲ್ಲಿಸಿ ನೀರು ಮಾತ್ರ ಕೊಡಬೇಕು. ಕರುಳು ಖಾಲಿಯಿದ್ದರೆ ಮಾಂಸಕ್ಕೆ ಹೊಲಸು ತಾಗುವ ಅಪಾಯ ಕಡಿಮೆ. ರಕ್ತ ಪೂರ್ತಿ ಬಸಿದ ಮೇಲೆ 52–54 ಡಿಗ್ರಿಯ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿದರೆ ಪುಕ್ಕದ ಬುಡ ಸಡಿಲುತ್ತದೆ. 60 ಡಿಗ್ರಿಗೆ ಹೋದರೆ ಚರ್ಮದ ಹೊರಪದರವೇ ಕಿತ್ತುಬರುತ್ತದೆ. ಕರುಳು ತೆಗೆದು ತೊಳೆದ ಕೂಡಲೇ ಐಸ್ ನೀರಿನಲ್ಲಿಟ್ಟು 4 ಡಿಗ್ರಿಗೆ ಇಳಿಸಬೇಕು. ಬೆಚ್ಚಗಿನ ಮಾಂಸದಲ್ಲಿ ಸಾಲ್ಮೊನೆಲ್ಲಾ ಬೇಗ ಹೆಚ್ಚುತ್ತದೆ. ತಣ್ಣಗಿಟ್ಟ ಕೆಲವು ತಾಸುಗಳಲ್ಲಿ, ಸತ್ತ ಮೇಲೆ ಸೆಟೆದ ಸ್ನಾಯುಗಳೂ ಸಡಿಲಗೊಂಡು ಮಾಂಸ ಮೆತ್ತಗಾಗುತ್ತದೆ.