ಅಬೆನಾ ಎಂಬ ಹೆಸರು

ಪಶ್ಚಿಮ ಆಫ್ರಿಕದ ಘಾನಾ ದೇಶದ ಅಕಾನ್ ಜನರಲ್ಲಿ ಮಂಗಳವಾರ ಹುಟ್ಟಿದ ಹೆಣ್ಣುಮಗುವಿಗೆ ಅಬೆನಾ ಎಂದು ಹೆಸರು. ಇದನ್ನು ತಾಯಿತಂದೆಗಳು ಆರಿಸಿ ಇಡುವುದಿಲ್ಲ. ಶಿಶುವು ಈ ಲೋಕಕ್ಕೆ ಬರುವಾಗ ತಾನೇ ತರುವುದೆಂದು ಅವರ ಭಾವನೆ. ಆದುದರಿಂದಲೇ ವಾರದ ಹೆಸರನ್ನು ‘ಕ್ರಾದಿನ್’, ಎಂದರೆ ಆತ್ಮನಾಮ, ಎನ್ನುವರು. ತಂದೆಯು ಎಂಟನೆಯ ದಿನ ಕೊಡುವ ಹೆಸರು, ಸಾಮಾನ್ಯವಾಗಿ ಹಿರಿಯರದು, ಅದರ ಮುಂದೆ ಕೂಡಿಕೊಳ್ಳುವುದು. ಭಾನುವಾರದವಳು ಅಕೋಸುವಾ, ಗುರುವಾರದವಳು ಯಾ. (ಕನ್ನಡಕ್ಕೆ ಕಿಟ್ಟೆಲರು ಮಾಡಿದ ಕೆಲಸವನ್ನು ಇವರ ಟ್ವಿ ಭಾಷೆಗೆ ಮಾಡಿ 1881ರಲ್ಲಿ ನಿಘಂಟನ್ನು ಪ್ರಕಟಿಸಿದ ಕ್ರಿಸ್ಟಾಲರೂ ಬಾಸೆಲ್ ಮಿಶನ್ನಿನವರೇ.)

ಈ ಸಣ್ಣ ಹೆಸರಿನ ಸತ್ವವನ್ನು ಅರಿಯಬೇಕಾದರೆ ಅಟ್ಲಾಂಟಿಕ್ ಸಾಗರದಾಚೆಯ ಜಮೈಕ ದ್ವೀಪವನ್ನು ನೋಡಬೇಕು. 18ನೆಯ ಶತಮಾನದಲ್ಲಿ ಆಂಗ್ಲರ ಹಡಗುಗಳು ಅಕಾನ್ ಸ್ತ್ರೀಯರನ್ನು ಗುಲಾಮರನ್ನಾಗಿ ಅಲ್ಲಿಗೆ ಒಯ್ದವು. ಮನೆಮಠ, ಬಂಧುಬಳಗ ಎಲ್ಲವನ್ನೂ ಕಳೆದುಕೊಂಡ ಅವರಲ್ಲಿ ಎಷ್ಟೋ ಮಂದಿಗೆ ವಾರದ ಹೆಸರೊಂದು ಉಳಿಯಿತು. ಕಬ್ಬಿನ ತೋಟದ ಒಡೆಯರು ಎತ್ತು, ಹೇಸರಗತ್ತೆಗಳೊಡನೆ ಅವರನ್ನೂ ಆಸ್ತಿಯ ಪಟ್ಟಿಗೆ ಸೇರಿಸುವಾಗ ‘ಬೆನೆಬಾ’ ಎಂದು ಬರೆದರು. ಅದು ಕಿವಿಗೆ ಬಿದ್ದಂತೆ ಗೀಚಿದ ಅಬೆನಾ ಅಲ್ಲದೆ ಬೇರೆಯಲ್ಲ. ಆ ಜನರನ್ನು ಬಹು ಹೀನವಾಗಿ ಕಂಡ ಎಡ್ವರ್ಡ್ ಲಾಂಗನು ಕೂಡ 1774ರ ತನ್ನ ಜಮೈಕದ ಚರಿತ್ರೆಯಲ್ಲಿ ಏಳು ವಾರಗಳ ಹೆಸರುಗಳನ್ನೂ ಕೊಟ್ಟಿರುವನು.